ಬರದ ಕಾನೂನು, ಕಡಲ ನೀರು

ಭಾರತದಲ್ಲಿ ಪ್ರಕೃತಿ ವಿಕೋಪಕ್ಕೆ ಸರ್ಕಾರ ನೀಡುವ ಪರಿಹಾರದ ವ್ಯವಸ್ಥೆ ಹುಟ್ಟಿದ್ದು ಬರಗಾಲದ ಅನುಭವದಿಂದ. ಮಳೆ ಕೈಕೊಟ್ಟು, ಬೆಳೆ ಒಣಗಿ, ಧಾನ್ಯದ ಬೆಲೆ ಏರಿ, ಜನ ಗುಳೆ ಹೊರಡುವಷ್ಟರಲ್ಲಿ ತಿಂಗಳುಗಳೇ ಕಳೆಯುವ ಕ್ಷಾಮಕ್ಕೆಂದು ರೂಪಿಸಿದ ನಿಯಮಗಳನ್ನೇ, ಕೆಲವು ಗಂಟೆಗಳಲ್ಲಿ ಊರಿಗೆ ಊರನ್ನೇ ಕೊಚ್ಚಿ ಒಯ್ಯುವ ಕಡಲ ನೆರೆಗೂ ಅನ್ವಯಿಸುತ್ತ ಬಂದ ಆಡಳಿತವು, ತೀರದ ಜನರಿಗೆ ಬೇಕಾದ ನೆರವು ಬೇರೆಯದೇ ಬಗೆಯದೆಂದು ತಿಳಿಯಲು ನೂರು ವರ್ಷಕ್ಕೂ ಹೆಚ್ಚು ಕಾಲ ತೆಗೆದುಕೊಂಡಿತು. ಆ ತಿಳಿವಳಿಕೆಗೆ ಬೆಲೆ ತೆತ್ತವರು ಬಂಗಾಳ ಕೊಲ್ಲಿಯ ದಂಡೆಯ ಮೀನುಗಾರರು, ಗೇಣಿದಾರರು ಮತ್ತು ಕೂಲಿಕಾರರು.

ಚಂಡಮಾರುತವೆಂದರೆ ಗಾಳಿಯ ಹಾವಳಿ ಎಂಬ ಭಾವನೆ ಒಳನಾಡಿನಲ್ಲಿ ಸಾಮಾನ್ಯವಾದರೂ ತೀರದಲ್ಲಿ ಹೆಚ್ಚು ಜೀವಗಳನ್ನು ಬಲಿ ತೆಗೆದುಕೊಂಡಿರುವುದು ನೀರು. ಸುಳಿಗಾಳಿ ಕಡಲಿನ ಮೇಲ್ನೀರನ್ನು ತನ್ನ ಮುಂದೆ ತಳ್ಳಿಕೊಂಡು ಬರುತ್ತದೆ. ತೀರದ ಬಳಿ ತಳ ಆಳವಿಲ್ಲದಿದ್ದರೆ ಆ ನೀರಿಗೆ ಹಿಂದೆ ಸರಿಯಲು ಎಡೆಯಿಲ್ಲದೆ ಅದು ಮೇಲಕ್ಕೇರಿ ನೆಲಕ್ಕೆ ನುಗ್ಗುತ್ತದೆ. ಇದನ್ನು ಚಂಡಮಾರುತದ ಉಬ್ಬರ ಎನ್ನುತ್ತಾರೆ. ಉತ್ತರಕ್ಕೆ ಹೋದಂತೆ ಕಿರಿದಾಗುವ ಬಂಗಾಳ ಕೊಲ್ಲಿಯ ಆಕಾರ, ಗಂಗೆ, ಮೇಘನಾ, ಮಹಾನದಿ, ಕೃಷ್ಣೆ, ಗೋದಾವರಿಗಳು ತಂದು ಸುರಿದ ಹೂಳಿನಿಂದಾದ ತಗ್ಗು ಮುಖಜಭೂಮಿ ಮತ್ತು ಆ ಫಲವತ್ತಾದ ಮಣ್ಣನ್ನು ನಂಬಿದ ದಟ್ಟ ಜನವಸತಿ, ಈ ಮೂರೂ ಒಂದೆಡೆ ಕೂಡಿದ್ದರಿಂದ ಈ ತೀರದಲ್ಲಿ ಉಬ್ಬರವು ಜಗತ್ತಿನ ಬೇರೆಲ್ಲೂ ಕಾಣದಷ್ಟು ಜನರನ್ನು ಕೊಂದಿದೆ. ಸುಳಿಗಾಳಿಗೆ ಸೈಕ್ಲೋನ್ ಎಂಬ ಹೆಸರಿಟ್ಟವನು ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್. ಮಾತ್ಲಾ ನದಿಯ ದಂಡೆಯಲ್ಲಿ ಹೊಸ ಬಂದರು ಕಟ್ಟುವ ಯೋಜನೆಯನ್ನು ವಿರೋಧಿಸಿ, ಒಂದಲ್ಲ ಒಂದು ದಿನ ಕಡಲು ಉಕ್ಕಿ ಅದನ್ನು ನುಂಗುತ್ತದೆಂದು ಆತ 1853ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಗೆ ಬರೆದಿದ್ದ. ಸರ್ಕಾರ ಕಿವಿಗೊಡಲಿಲ್ಲ, ಪೋರ್ಟ್ ಕ್ಯಾನಿಂಗ್ ಎಂಬ ಆ ಬಂದರು 1867ರ ಚಂಡಮಾರುತದಲ್ಲಿ ಹಾಳಾಯಿತು.

1864ರಲ್ಲಿ ಒಂದೇ ತಿಂಗಳ ಅಂತರದಲ್ಲಿ ಕಲ್ಕತ್ತೆಗೂ ಮಚಲೀಪಟ್ಟಣಕ್ಕೂ ಎರಡು ಭೀಕರ ಚಂಡಮಾರುತಗಳು ಅಪ್ಪಳಿಸಿ ಹತ್ತಾರು ಸಾವಿರ ಜನ ಸತ್ತ ಮೇಲೆ, ಮರುವರ್ಷ ಕಲ್ಕತ್ತೆಯ ಬಂದರಿಗೆ ಮುನ್ಸೂಚನೆ ನೀಡುವ ಏರ್ಪಾಡಾಯಿತು. 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಸ್ಥಾಪನೆಯಾಯಿತು. ಆದರೆ ಆ ಮುನ್ಸೂಚನೆ ಇದ್ದುದು ಹಡಗುಗಳಿಗೆ. ಬಂದರಿನ ಕಂಬಕ್ಕೇರಿಸಿದ ಸಂಕೇತವನ್ನು ನೋಡಿ ಕಪ್ತಾನನು ಲಂಗರು ಬಿಗಿಗೊಳಿಸಬಹುದಿತ್ತು, ದ್ವೀಪದ ಗುಡಿಸಲಿನಲ್ಲಿದ್ದವನಿಗೆ ಸುದ್ದಿ ಮುಟ್ಟಿಸುವ ಹೊಣೆ ಯಾರದ್ದೂ ಆಗಿರಲಿಲ್ಲ.

ಇದು ಎಷ್ಟು ದೊಡ್ಡ ಕೊರತೆಯೆಂಬುದು 1876ರ ಅಕ್ಟೋಬರ್ 31ರ ರಾತ್ರಿ ಕಂಡಿತು. ಹುಣ್ಣಿಮೆಯ ಆಸುಪಾಸಿನ ಭರತದ ಮೇಲೆ ಚಂಡಮಾರುತದ ಉಬ್ಬರವೂ ಸೇರಿ ಮೇಘನಾ ಅಳಿವೆಯ ದಕ್ಷಿಣ ಶಾಹಬಾಜ್‌ಪುರ, ಹತಿಯಾ, ಸಂದ್ವೀಪ ಮೊದಲಾದ ದ್ವೀಪಗಳನ್ನೂ ಬಾಕರಗಂಜ್ ಜಿಲ್ಲೆಯ ತೀರವನ್ನೂ ಮುಳುಗಿಸಿತು. ಅಲ್ಲಿನ ಮನೆಗಳ ಸುತ್ತ ದಟ್ಟವಾಗಿ ಬೆಳೆಸಿದ್ದ ತೆಂಗು, ಅಡಿಕೆ ಮರಗಳಿಗೆ ಸಿಕ್ಕಿಕೊಂಡವರು, ಮರವೇರಿ ಕುಳಿತವರು ಉಳಿದರು. ತೋಟವಿಲ್ಲದ ಬಯಲಿನಲ್ಲಿದ್ದವರು ನೀರಿನ ಪಾಲಾದರು. ಉಪ್ಪುನೀರು ತುಂಬಿ, ಹೆಣಗಳು ಕೊಳೆತು ಕೆರೆಗಳ ನೀರು ಕೆಟ್ಟಿದ್ದರಿಂದ ಮುಂದಿನ ವಾರಗಳಲ್ಲಿ ಕಾಲರಾ ಹಬ್ಬಿತು. ಒಟ್ಟು ಸತ್ತವರು ಸುಮಾರು ಎರಡು ಲಕ್ಷ ಜನ, ಅವರಲ್ಲಿ ಅರ್ಧದಷ್ಟು ಮಂದಿ ನೀರಿಳಿದ ಮೇಲೆ ಸತ್ತವರು ಎಂಬ ಅಂದಾಜಿದೆ. ಅಂದರೆ ಕಡಲು ಹಿಂದೆ ಸರಿದ ಬಳಿಕವೂ ಒಂದು ಲಕ್ಷದಷ್ಟು ಜೀವಗಳನ್ನು ಉಳಿಸಿಕೊಳ್ಳುವ ಅವಕಾಶ ಸರ್ಕಾರದ ಮುಂದಿತ್ತು.

ಆ ಸರ್ಕಾರದ ಮುಖ್ಯಸ್ಥನಾಗಿದ್ದವನು ಬಂಗಾಳದ ಲೆಫ್ಟಿನೆಂಟ್ ಗವರ್ನರ್ ಸರ್ ರಿಚರ್ಡ್ ಟೆಂಪಲ್. 1874ರ ಬಿಹಾರದ ಬರದಲ್ಲಿ ಬರ್ಮಾದಿಂದ ಅಕ್ಕಿ ತರಿಸಿ ಹಂಚಿ ಸಾವುಗಳನ್ನು ಬಹುಮಟ್ಟಿಗೆ ತಡೆದಿದ್ದ ಈತನನ್ನು ಲಂಡನ್ನಿನ ಪತ್ರಿಕೆಗಳೂ ಹಿರಿಯ ಅಧಿಕಾರಿಗಳೂ ದುಂದುಗಾರನೆಂದು ಟೀಕಿಸಿದ್ದರು. ಆ ಟೀಕೆಯ ಕಹಿ ಇನ್ನೂ ಆರದಿದ್ದ ಕಾಲದಲ್ಲಿ ಬಾಕರಗಂಜಿನ ತೀರವನ್ನು ಸುತ್ತಿ ಬಂದ ಟೆಂಪಲ್, ಬದುಕುಳಿದವರ ಬಳಿ ಧಾನ್ಯವಿದೆ, ವ್ಯಾಪಾರ ಮತ್ತೆ ಚುರುಕಾಗುತ್ತದೆ, ವ್ಯಾಪಕ ನೆರವಿನ ಅಗತ್ಯವಿಲ್ಲ ಎಂಬ ನಿಲುವಿಗೆ ಬಂದ. ಸರ್ಕಾರದ ಪರಿಹಾರ ಅಲ್ಪದರಲ್ಲೇ ಮುಗಿಯಿತು. ಕೆಲವೇ ವಾರಗಳಲ್ಲಿ, 1877ರ ಜನವರಿಯಲ್ಲಿ, ವೈಸರಾಯ್ ಲಿಟನ್ ಇದೇ ಅಧಿಕಾರಿಯನ್ನು ಬರ ಪರಿಶೀಲನೆಯ ಪ್ರತಿನಿಧಿಯಾಗಿ ದಕ್ಷಿಣಕ್ಕೆ ಕಳುಹಿಸಿದ. ಬಳ್ಳಾರಿಯೂ ಸೇರಿದ್ದ ಮದ್ರಾಸ್ ಪ್ರಾಂತದ ಬರಗಾಲದ ಕಾಮಗಾರಿಗಳಲ್ಲಿ ದುಡಿಯುವ ಗಂಡಾಳಿನ ದಿನಗೂಲಿಯನ್ನು ಒಂದು ಪೌಂಡ್, ಅಂದರೆ ಅರ್ಧ ಕಿಲೋಗೂ ಕಡಿಮೆ ಧಾನ್ಯ ಮತ್ತು ತುಸು ಕಾಸಿಗೆ ಇಳಿಸಿದ 'ಟೆಂಪಲ್ ಕೂಲಿ' ಆಗಿನದು. ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಶ್, ಇಷ್ಟರಲ್ಲಿ ದುಡಿಯುವ ದೇಹ ಉಳಿಯದೆಂದು ಪಟ್ಟುಹಿಡಿದು ವಾದಿಸಿದ ಮೇಲೆ ಕೆಲವು ತಿಂಗಳಲ್ಲಿ ಅದನ್ನು ಏರಿಸಲಾಯಿತು. ಕನ್ನಡ ನಾಡಿನಲ್ಲಿ ಧಾತು, ಈಶ್ವರ ಸಂವತ್ಸರಗಳ ಬರವೆಂದು ನೆನಪಿನಲ್ಲುಳಿದ ಈ ಕ್ಷಾಮದಿಂದ, 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿಳಿಯಿತು. ಮೇಘನಾ ಅಳಿವೆಯ ಮುಳುಗಡೆಯನ್ನೂ ಮೈಸೂರು ಸೀಮೆಯ ಬರವನ್ನೂ ಒಟ್ಟಿಗೆ ಇಟ್ಟು ನೋಡುವುದು ವಿರಳ. ಎರಡನ್ನೂ ಅಳೆದದ್ದು ಒಂದೇ ಜಿಪುಣತನದ ಅಳತೆಗೋಲಿನಿಂದ ಎಂಬುದನ್ನು ಮರೆಯಲಾಗದು.

ದಕ್ಷಿಣದ ಕ್ಷಾಮ ಇಡೀ ಸಾಮ್ರಾಜ್ಯಕ್ಕೆ ಕಳಂಕವಾದ್ದರಿಂದ ರಿಚರ್ಡ್ ಸ್ಟ್ರೇಚಿಯ ನೇತೃತ್ವದಲ್ಲಿ ಕ್ಷಾಮ ಆಯೋಗವೊಂದು ರಚನೆಯಾಗಿ, 1880ರಲ್ಲಿ ಅದರ ವರದಿಯೂ 1883ರಲ್ಲಿ ಪ್ರಾಂತಗಳಿಗೆ ಮಾದರಿಯಾದ ಕ್ಷಾಮ ಸಂಹಿತೆಯೂ ಬಂದವು. ಅಭಾವದ ಲಕ್ಷಣ ಕಂಡ ಕೂಡಲೇ ಪ್ರಾಯೋಗಿಕವಾಗಿ ಕಾಮಗಾರಿ ತೆರೆದು ಎಷ್ಟು ಜನ ಬರುತ್ತಾರೆಂದು ನೋಡುವುದು, ದುಡಿಯಲಾರದವರ ಪಟ್ಟಿಯನ್ನು ಗ್ರಾಮಾಧಿಕಾರಿಗಳಿಂದ ಮಾಡಿಸಿ ಪುಕ್ಕಟೆ ಧಾನ್ಯ ಕೊಡುವುದು, ಕಂದಾಯವನ್ನು ಮುಂದೂಡುವುದು ಅಥವಾ ಮನ್ನಾ ಮಾಡುವುದು, ಎತ್ತು ಮತ್ತು ಬಿತ್ತನೆಗೆ ತಗಾವಿ ಸಾಲ ನೀಡುವುದು ಇದರ ಮುಖ್ಯ ಅಂಶಗಳು. ಬರದ ಮಟ್ಟಿಗೆ ಇದು ಆ ಕಾಲಕ್ಕೆ ನಿಜಕ್ಕೂ ದೊಡ್ಡ ಹೆಜ್ಜೆಯಾಗಿತ್ತು. ಆದರೆ ಇದರ ಪ್ರತಿಯೊಂದು ಹಂತವೂ ಕಾದು ನೋಡಲು ಸಮಯವಿದೆಯೆಂಬ ನಂಬಿಕೆಯ ಮೇಲೆ, ನೆರವು ಬೇಕಾದವನು ಭೂಮಿಯಿರುವ ರೈತ ಎಂಬ ಕಲ್ಪನೆಯ ಮೇಲೆ ನಿಂತಿತ್ತು. ಬಲೆ, ದೋಣಿಗಳೇ ಆಸ್ತಿಯಾದ ಮೀನುಗಾರನಿಗೆ ಕಂದಾಯ ಮನ್ನಾದಿಂದ ದಕ್ಕುವುದೇನೂ ಇರಲಿಲ್ಲ. ಕಾಮಗಾರಿ ತೆರೆಯುವ ಮೊದಲೇ ಮುಳುಗಿಹೋದವನಿಗೆ ಸಂಹಿತೆಯಲ್ಲಿ ಜಾಗವಿರಲಿಲ್ಲ. ಸ್ವಾತಂತ್ರ್ಯಾನಂತರವೂ ರಾಜ್ಯಗಳ ಪರಿಹಾರ ನಿಯಮಾವಳಿಗಳು ಈ ಅಚ್ಚಿನಲ್ಲೇ ಮೂಡಿದವು. ನೆರೆ ಮತ್ತು ಚಂಡಮಾರುತಗಳು ಅವುಗಳಲ್ಲಿ ನಂತರ ಸೇರಿಸಿದ ಅಧ್ಯಾಯಗಳಾಗಿದ್ದವು.

ನೆರವು ಕೊಡುವುದು ಆಳುವವರ ಕೃಪೆಯಾಗಿರುವವರೆಗೆ ಅದನ್ನು ತಡೆಹಿಡಿಯುವುದೂ ಅವರ ಕೈಯಲ್ಲೇ ಇರುತ್ತದೆಂಬುದನ್ನು 1942 ತೋರಿಸಿತು. ಕ್ವಿಟ್ ಇಂಡಿಯಾ ಚಳವಳಿಯ ಕಾವಿನಲ್ಲಿದ್ದ ಬಂಗಾಳದ ಮೇದಿನೀಪುರ ಜಿಲ್ಲೆಯ ಕಾಂಥಿ ಮತ್ತು ತಾಮ್ಲುಕ್ ಭಾಗಗಳನ್ನು ಆ ವರ್ಷದ ಅಕ್ಟೋಬರ್ 16ರಂದು ಚಂಡಮಾರುತವೂ ಉಬ್ಬರವೂ ಧ್ವಂಸಗೊಳಿಸಿ, ಸರ್ಕಾರದ ಲೆಕ್ಕದಲ್ಲೇ 14 ಸಾವಿರದಷ್ಟು ಜನ ಸತ್ತರು. ಜಪಾನೀಯರ ಕೈಗೆ ಸಿಗಬಾರದೆಂದು ತೀರದ ದೋಣಿಗಳನ್ನು ಸೇನೆ ಆಗಲೇ ವಶಪಡಿಸಿಕೊಂಡಿತ್ತು. ಯುದ್ಧಕಾಲದ ನಿರ್ಬಂಧದಿಂದ ಸುದ್ದಿ ಹೊರಬರುವುದೇ ತಡವಾಯಿತು. ದಂಗೆಯೆದ್ದ ಜಿಲ್ಲೆಯೆಂಬ ಕಾರಣಕ್ಕೆ ನೆರವು ಹಿಂದೆ ಬಿತ್ತು. ಪ್ರಾಂತದ ಮಂತ್ರಿಯಾಗಿದ್ದ ಶ್ಯಾಮಾಪ್ರಸಾದ್ ಮುಖರ್ಜಿ ನವೆಂಬರಿನಲ್ಲಿ ರಾಜೀನಾಮೆ ಕೊಟ್ಟದ್ದಕ್ಕೆ ಮೇದಿನೀಪುರದ ದಮನವೂ ಒಂದು ಕಾರಣ. ಇದೇ ಕೊಲ್ಲಿಯ ತುದಿಯಲ್ಲಿ 1970ರ ನವೆಂಬರ್ 12ರ ರಾತ್ರಿ ಭೋಲಾ ದ್ವೀಪದ ಸುತ್ತ ಕನಿಷ್ಠ ಮೂರು ಲಕ್ಷ ಜನ ಮುಳುಗಿ ಸತ್ತಾಗ ಪಾಕಿಸ್ತಾನದ ಸೈನಿಕ ಸರ್ಕಾರ ತೋರಿದ ಉದಾಸೀನವು ಮರುತಿಂಗಳ ಚುನಾವಣೆಯಲ್ಲಿ ಪೂರ್ವ ಬಂಗಾಳದ ಸಿಟ್ಟಿಗೆ ತುಪ್ಪ ಸುರಿದು, ಒಂದು ದೇಶದ ಹುಟ್ಟಿಗೇ ಕಾರಣಗಳಲ್ಲೊಂದಾಯಿತು.

ಆಂಧ್ರದ ಕೃಷ್ಣಾ ನದಿ ಎರಡು ಕವಲಾಗಿ ಕಡಲು ಸೇರುವಲ್ಲಿರುವ ದಿವಿಸೀಮೆಯನ್ನು 1977ರ ನವೆಂಬರ್ 19ರಂದು ಉಬ್ಬರ ಹೊಕ್ಕಾಗ ಸರ್ಕಾರಿ ಅಂದಾಜಿನಲ್ಲೇ ಸುಮಾರು ಹತ್ತು ಸಾವಿರ ಜನ ಸತ್ತರು. ಮುನ್ಸೂಚನೆ ಇರಲಿಲ್ಲವೆಂದಲ್ಲ, ಚಂಡಮಾರುತ ಬರುತ್ತದೆಂಬ ಆಕಾಶವಾಣಿಯ ಮಾತಿನಿಂದ ಕೇಳುಗನಿಗೆ ತಾನು ಎಲ್ಲಿಗೆ, ಯಾವಾಗ, ಹೇಗೆ ಹೋಗಬೇಕೆಂಬುದು ತಿಳಿಯುತ್ತಿರಲಿಲ್ಲ, ತಿಳಿದರೂ ಹೋಗಿ ನಿಲ್ಲಲು ಗಟ್ಟಿಯಾದ ಮಾಳಿಗೆಯಿರಲಿಲ್ಲ. ಈ ದುರಂತದ ಬಳಿಕ ಆಂಧ್ರದ ತೀರದಲ್ಲಿ ಆಸರೆ ಕಟ್ಟಡಗಳು ಎದ್ದವು, ಜನರನ್ನು ಮೊದಲೇ ಸ್ಥಳಾಂತರಿಸುವುದು ಜಿಲ್ಲಾಡಳಿತದ ಕೆಲಸವೆಂದಾಯಿತು. 1990ರ ಮೇ ತಿಂಗಳಲ್ಲಿ ಅಷ್ಟೇ ಬಲದ ಚಂಡಮಾರುತ ಅದೇ ತೀರಕ್ಕೆ ಬಂದಾಗ ಆರು ಲಕ್ಷಕ್ಕೂ ಹೆಚ್ಚು ಜನರನ್ನು ಸರಿಸಿದ್ದರಿಂದ ಸಾವು ಸಾವಿರದೊಳಗೆ ನಿಂತಿತು.

ಆದರೆ ಒಂದು ರಾಜ್ಯ ಕಲಿತದ್ದು ಪಕ್ಕದ ರಾಜ್ಯಕ್ಕೆ ದಾಟಲಿಲ್ಲ. ಒಡಿಶಾದಲ್ಲಿ 1971ರ ಚಂಡಮಾರುತಕ್ಕೆ ಸುಮಾರು ಹತ್ತು ಸಾವಿರ ಜನ ಬಲಿಯಾಗಿದ್ದರೂ, 1999ರಲ್ಲಿ ಅದರ ಇಡೀ ಕರಾವಳಿಯಲ್ಲಿದ್ದ ಆಸರೆ ಕಟ್ಟಡಗಳು ಎರಡು ಡಜನ್ನಿನಷ್ಟೂ ಇರಲಿಲ್ಲ, ಇದ್ದವೂ ರೆಡ್ ಕ್ರಾಸ್ ಸಂಸ್ಥೆ ಕಟ್ಟಿದವು. ಆ ಅಕ್ಟೋಬರಿನಲ್ಲಿ ಮೊದಲು ಗಂಜಾಂ ಜಿಲ್ಲೆಗೆ ಒಂದು ಚಂಡಮಾರುತ ಬಡಿದು ಆಡಳಿತದ ಗಮನವೆಲ್ಲ ಅತ್ತ ಹರಿದಿದ್ದಾಗ, 29ರಂದು ಗಂಟೆಗೆ 260 ಕಿಲೋಮೀಟರ್ ವೇಗದ ಮಹಾ ಚಂಡಮಾರುತವು ಜಗತ್‌ಸಿಂಗ್‌ಪುರ ಜಿಲ್ಲೆಯ ಎರಸಮಾ ಬಳಿ ನೆಲಕ್ಕೆ ತಾಗಿ, ಮುಂದೆ ಸಾಗದೆ ಒಂದು ದಿನಕ್ಕೂ ಹೆಚ್ಚು ಕಾಲ ಅಲ್ಲೇ ಸುತ್ತಾಡಿ ಮಳೆ ಸುರಿಸಿತು. ಐದಾರು ಮೀಟರ್ ಎತ್ತರಕ್ಕೆದ್ದ ಕಡಲು ಬಹುದೂರ ಒಳನುಗ್ಗಿತು. ದೂರವಾಣಿ, ವಿದ್ಯುತ್, ರಸ್ತೆಗಳೆಲ್ಲ ಕಡಿದುಹೋಗಿ ರಾಜಧಾನಿ ಭುವನೇಶ್ವರವೇ ಹೊರಜಗತ್ತಿನಿಂದ ಬೇರ್ಪಟ್ಟಿದ್ದರಿಂದ, ನೆರವು ಕಳುಹಿಸಬೇಕಾದ ಕಚೇರಿಗೆ ಏನಾಗಿದೆಯೆಂದು ತಿಳಿಯುವುದಕ್ಕೇ ದಿನಗಳು ಹಿಡಿದವು. ಅಧಿಕೃತ ಲೆಕ್ಕದಲ್ಲಿ ಸತ್ತವರು 9,885. ಅವರಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಜನ ಒಂದೇ ಜಿಲ್ಲೆಯವರು. ಗದ್ದೆ, ಕಾಲುವೆಗಳಲ್ಲಿ ಸಿಕ್ಕ ಹೆಣಗಳನ್ನು ಸ್ವಯಂಸೇವಕರು ವಾರಗಟ್ಟಲೆ ಸುಡುತ್ತಲೇ ಇದ್ದರು. ಪಕ್ಕದ ಕೇಂದ್ರಪಾಡಾ ಜಿಲ್ಲೆಯ ನೂರಾರು ಹಳ್ಳಿಗಳ ಸಾವಿನ ಲೆಕ್ಕ ತೆಗೆದು ಸೌದಾಮಿನಿ ದಾಸ್ ಮತ್ತು ಜೆಫ್ರಿ ವಿನ್ಸೆಂಟ್ 2009ರಲ್ಲಿ ಪ್ರಕಟಿಸಿದ ಅಧ್ಯಯನವು, ಊರಿಗೂ ಕಡಲಿಗೂ ನಡುವೆ ಕಾಂಡ್ಲಾ ಕಾಡು ಅಗಲವಾಗಿದ್ದಷ್ಟೂ ಸಾವು ಕಡಿಮೆಯಾಗಿತ್ತೆಂದು ತೋರಿಸಿತು.

ಈ ಆಘಾತದಿಂದ ಎರಡೇ ತಿಂಗಳಲ್ಲಿ, 1999ರ ಡಿಸೆಂಬರಿನಲ್ಲಿ, ಒಡಿಶಾ ಸರ್ಕಾರ ವಿಪತ್ತು ನಿರ್ವಹಣೆಗೆಂದೇ ಪ್ರತ್ಯೇಕ ಪ್ರಾಧಿಕಾರವನ್ನು ಸ್ಥಾಪಿಸಿತು. ದೇಶದಲ್ಲಿ ಅದೇ ಮೊದಲನೆಯದು. ರಾಷ್ಟ್ರಮಟ್ಟದ ವಿಪತ್ತು ನಿರ್ವಹಣಾ ಕಾಯಿದೆ ಬಂದದ್ದು ಆರು ವರ್ಷದ ಬಳಿಕ. ಕಂಬಗಳ ಮೇಲೆ ಎತ್ತರಕ್ಕೆ ನಿಲ್ಲಿಸಿ, ಉಬ್ಬರದ ನೀರು ಕೆಳಗೆ ಹರಿದುಹೋಗುವಂತೆ ಕಟ್ಟಿದ ಆಸರೆ ಕಟ್ಟಡಗಳು ಈಗ ಅಲ್ಲಿ ಎಂಟುನೂರಕ್ಕೂ ಹೆಚ್ಚಿವೆ. ಉಳಿದ ದಿನಗಳಲ್ಲಿ ಅವು ಶಾಲೆಯಾಗಿಯೋ ಸಭೆ ನಡೆಸುವ ಜಾಗವಾಗಿಯೋ ಬಳಕೆಯಲ್ಲಿರುವುದರಿಂದ ಬೀಗ ತುಕ್ಕು ಹಿಡಿಯುವುದಿಲ್ಲ, ದಾರಿ ಯಾರಿಗೂ ಮರೆಯುವುದಿಲ್ಲ. ಯಾವ ಮನೆಯಲ್ಲಿ ಬಸುರಿ, ಮುದುಕರು, ಅಂಗವಿಕಲರಿದ್ದಾರೆ, ಅವರನ್ನು ಯಾರು ಎತ್ತಿಕೊಂಡು ಬರಬೇಕು ಎಂಬುದನ್ನು ಊರಿನ ತಂಡಗಳೇ ಮೊದಲು ನಿಶ್ಚಯಿಸಿಟ್ಟುಕೊಳ್ಳುತ್ತವೆ. 2013ರ ಅಕ್ಟೋಬರ್ 12ರಂದು ಫೈಲಿನ್ ಚಂಡಮಾರುತ ಗೋಪಾಲಪುರದ ಬಳಿ ಬಂದಾಗ ದಸರೆಯ ರಜೆ ರದ್ದಾಗಿ ನೌಕರರೆಲ್ಲ ಊರೂರಿಗೆ ಹೋದರು, ಹತ್ತು ಲಕ್ಷದಷ್ಟು ಜನ ತೀರ ಬಿಟ್ಟು ಒಳಸರಿದರು, ಸಾವು ಐವತ್ತನ್ನೂ ಮುಟ್ಟಲಿಲ್ಲ. ಅನ್ನ, ಹೊದಿಕೆ, ಹಣಗಳೆಲ್ಲ ಎರಡನೆಯದೆಂದೂ, ತೀರದ ಜನಕ್ಕೆ ಸರ್ಕಾರ ಕೊಡಬಹುದಾದ ಮೊದಲ ನೆರವು ಕಡಲು ಬರುವ ಮೊದಲಿನ ಎರಡು ದಿನಗಳೆಂದೂ ಬಾಕರಗಂಜಿನಿಂದ 137 ವರ್ಷಗಳ ಬಳಿಕ ಸಾಬೀತಾಯಿತು. ಸ್ವತಂತ್ರ ಭಾರತದ ಆಡಳಿತ ಹೆಮ್ಮೆಪಡಬಹುದಾದ ಸಾಧನೆಗಳ ಸಾಲಿನಲ್ಲಿ ಇದಕ್ಕೆ ಸಲ್ಲಬೇಕಾದ ಸ್ಥಾನ ಇನ್ನೂ ಸಿಕ್ಕಿಲ್ಲ.

ಜೀವ ಉಳಿಸುವುದನ್ನು ಕಲಿತ ಆಡಳಿತ, ಜೀವನವನ್ನು ಮತ್ತೆ ಕಟ್ಟಿಕೊಡುವ ವಿಷಯದಲ್ಲಿ ಹಳೆಯ ಜಾಡನ್ನು ಬಿಡಲಿಲ್ಲವೆಂಬುದು 2004ರ ಸುನಾಮಿಯ ನಂತರ ತಮಿಳುನಾಡಿನಲ್ಲಿ ಸ್ಪಷ್ಟವಾಯಿತು. ನಾಗಪಟ್ಟಣಂ ಜಿಲ್ಲೆಯೊಂದರಲ್ಲೇ ಆರು ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು. ಹಣಕ್ಕೂ ಸ್ವಯಂಸೇವಾ ಸಂಸ್ಥೆಗಳಿಗೂ ಆಗ ಕೊರತೆಯಿರಲಿಲ್ಲ. ಆದರೆ ಹೊಸ ಮನೆಗಳ ಪ್ರಶ್ನೆ ಬಂದಾಗ 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಮುಂದೆ ಬಂತು. ಅತ್ಯಧಿಕ ಭರತದ ನೀರು ಮುಟ್ಟುವ ಗೆರೆಯಿಂದ 500 ಮೀಟರ್‌ವರೆಗಿನ ನೆಲದಲ್ಲಿ ಕಟ್ಟಡಗಳನ್ನು ನಿಯಂತ್ರಿಸಿ, ಹಳ್ಳಿಗಾಡಿನಲ್ಲಿ ಮೊದಲ 200 ಮೀಟರ್‌ನಲ್ಲಿ ಹೊಸದಾಗಿ ಏನನ್ನೂ ಕಟ್ಟದಂತೆ ತಡೆಯುವ ಈ ನಿಯಮವನ್ನು ಆಧರಿಸಿ, ಆ 200 ಮೀಟರ್ ಒಳಗೆ ಮನೆ ಕಳೆದುಕೊಂಡವರು ಹಿಂದೆ ಸರಿದರೆ ಮಾತ್ರ ಮನೆ ಕಟ್ಟಿಕೊಡುವುದಾಗಿಯೂ, ಇದ್ದಲ್ಲೇ ಇರುತ್ತೇವೆಂದರೆ ಇರಬಹುದು ಆದರೆ ಸರ್ಕಾರದ ನೆರವು ಸಿಗದೆಂದೂ 2005ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಆದೇಶಿಸಿತು.

ಸುರಕ್ಷತೆಯ ದೃಷ್ಟಿಯಿಂದ ಇದಕ್ಕೆ ಕಾರಣವಿತ್ತು. ಆದರೆ ಮೀನುಗಾರನಿಗೆ ತೀರವು ಮನೆಯ ಅಂಗಳವಷ್ಟೇ ಆಗಿರದೆ ಕಾರ್ಯಾಗಾರವೂ ಉಗ್ರಾಣವೂ ಸಂತೆಯೂ ಆಗಿರುತ್ತದೆ. ಬೆಳಗಿನ ಜಾವ ಕಡಲಿನ ಬಣ್ಣ, ಗಾಳಿಯ ದಿಕ್ಕು ನೋಡಿ ದೋಣಿ ಇಳಿಸಬೇಕೋ ಬೇಡವೋ ಎಂದು ತೀರ್ಮಾನಿಸುವುದು, ಲಕ್ಷಾಂತರ ರೂಪಾಯಿಯ ಎಂಜಿನ್ನು, ಬಲೆಗಳನ್ನು ರಾತ್ರಿ ಕಾಯುವುದು, ಹಿಡಿದ ಮೀನನ್ನು ಹೆಂಗಸರು ಮರಳಿನ ಮೇಲೆ ಹರಡಿ ಒಣಗಿಸುವುದು ದೂರದ ಬಡಾವಣೆಯಿಂದ ಆಗುವ ಕೆಲಸಗಳಲ್ಲ. ತಾವು ಬಿಟ್ಟ ಜಾಗಕ್ಕೆ ಹೋಟೆಲು, ರೆಸಾರ್ಟುಗಳು ಬಂದಾವೆಂಬ ಅವರ ಅಂಜಿಕೆಯೂ ಬರಿಯ ಶಂಕೆಯಾಗಿರಲಿಲ್ಲ. 2019ರ ಹೊಸ ಅಧಿಸೂಚನೆ, ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿರುವ ಗ್ರಾಮೀಣ ತೀರಗಳಲ್ಲಿ ಕಟ್ಟಡ ನಿಷೇಧದ ಪಟ್ಟಿಯನ್ನು 200ರಿಂದ 50 ಮೀಟರಿಗೆ ಇಳಿಸಿತು. ನಷ್ಟ ಪರಿಹಾರದಲ್ಲೂ ದೋಣಿಯ ಒಡೆಯನಿಗೆ ಸಿಕ್ಕ ಗಮನ ಅದೇ ದೋಣಿಯಲ್ಲಿ ಪಾಲಿಗೆ ದುಡಿಯುವವನಿಗೂ, ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸಿಗೂ ಸಿಗಲಿಲ್ಲ. ಕ್ಷಾಮ ಸಂಹಿತೆಯ ಕಾಲದಲ್ಲಿ ಭೂಮಿಯಿದ್ದವನು ಇದ್ದ ಜಾಗದಲ್ಲಿ ಈಗ ದೋಣಿಯಿದ್ದವನು ಬಂದು ನಿಂತಿದ್ದ.

ಈಗ ಪ್ರಶ್ನೆ ಇನ್ನೊಂದು ಬದಿಗೆ ಹೊರಳಿದೆ. ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರವು 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳಿಂದ ಅಳೆದಂತೆ ದೇಶದ ಭೂಭಾಗದ ಕರಾವಳಿಯಲ್ಲಿ ಮೂರನೆಯ ಒಂದರಷ್ಟು ಭಾಗ ಕೊರೆದುಹೋಗುತ್ತಿದೆ. ಉಳ್ಳಾಲ, ಸೋಮೇಶ್ವರ, ಪಡುಬಿದ್ರಿ, ಮರವಂತೆಗಳ ಜನರಿಗೆ ಕಡಲ್ಕೊರೆತವನ್ನು ಯಾರೂ ವಿವರಿಸಬೇಕಾಗಿಲ್ಲ: ಜೂನಿನಲ್ಲಿ ಅಲೆ ಬಲಿತೊಡನೆ ತಡೆಗೋಡೆಯ ಬಂಡೆಗಳು ಮರಳಿನಲ್ಲಿ ಕುಸಿಯುತ್ತವೆ, ತೆಂಗಿನ ಬುಡದ ಮಣ್ಣು ಜಾರುತ್ತದೆ, ಮುಂದಿನ ಸಾಲಿನ ಮನೆಗೆ ಸರದಿ ಬರುತ್ತದೆ. ಉಳ್ಳಾಲದಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಿಂದ ಕಡಲೊಳಗೆ ಅಲೆಯ ಬಲ ಮುರಿಯುವ ದಿಬ್ಬಗಳನ್ನು ಕಟ್ಟಲಾಯಿತು. ಆದರೆ ಪರಿಹಾರದ ಕಾನೂನಿನಲ್ಲಿ ಈ ಕೊರೆತಕ್ಕೆ ಸರಿಯಾದ ಹೆಸರಿಲ್ಲ. ಕೇಂದ್ರದ ವಿಪತ್ತುಗಳ ಪಟ್ಟಿಯಲ್ಲಿ ಚಂಡಮಾರುತ, ನೆರೆ, ಸುನಾಮಿ, ಬರ, ಆಲಿಕಲ್ಲು, ಕೀಟಬಾಧೆಗಳವರೆಗೆ ಎಲ್ಲಕ್ಕೂ ಜಾಗವಿದ್ದು ಕಡಲ್ಕೊರೆತ ಅದರಲ್ಲಿ ಸೇರಿಲ್ಲ; ಕೇರಳದಂಥ ರಾಜ್ಯ ಅದನ್ನು ತನ್ನ ಮಟ್ಟಿಗೆ ರಾಜ್ಯ ವಿಪತ್ತೆಂದು ಘೋಷಿಸಿಕೊಳ್ಳಬೇಕಾಯಿತು. ನದಿ ಪಥ ಬದಲಿಸಿ ಸಣ್ಣ ರೈತನ ಜಮೀನು ಹೋದರೆ ವಿಪತ್ತು ನಿಧಿಯ 2022ರಿಂದ 2026ರವರೆಗಿನ ಮಾರ್ಗಸೂಚಿಯಲ್ಲಿ ಹೆಕ್ಟೇರಿಗೆ 47,000 ರೂಪಾಯಿಯ ನೆರವಿದೆ. ಆ ಸಾಲಿನಲ್ಲಿ ಭೂಕುಸಿತವೂ ಹಿಮಕುಸಿತವೂ ಇವೆ, ಕಡಲಿನ ಹೆಸರಿಲ್ಲ. ನಿಧಾನವಾದ ಬರಕ್ಕೆಂದು ಹುಟ್ಟಿ, ಒಂದು ರಾತ್ರಿಯ ಉಬ್ಬರಕ್ಕೆ ಕಷ್ಟಪಟ್ಟು ಹೊಂದಿಕೊಂಡ ವ್ಯವಸ್ಥೆಗೆ ಈಗ ನಿಧಾನವಾಗಿ ಬರುವ ಕಡಲು ಕಾಣಿಸುತ್ತಿಲ್ಲ.

ಹದಿನೈದನೆಯ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಮೊದಲ ಬಾರಿಗೆ ಕೊರೆತ ತಡೆಯಲು 1,500 ಕೋಟಿ, ಕೊರೆತದಿಂದ ನೆಲೆ ತಪ್ಪಿದವರ ಪುನರ್ವಸತಿಗೆ 1,000 ಕೋಟಿ ರೂಪಾಯಿಯನ್ನು ಇಡೀ ದೇಶದ ನದಿದಂಡೆ ಮತ್ತು ಕಡಲತೀರಗಳಿಗೆಂದು ಶಿಫಾರಸು ಮಾಡಿತು. ಅದಕ್ಕೂ ಮೊದಲೇ ಒಡಿಶಾ, ಕೇಂದ್ರಪಾಡಾ ಜಿಲ್ಲೆಯ ಸಾತಭಾಯಾ ಎಂಬ ಏಳು ಹಳ್ಳಿಗಳ ಗುಂಪಿನಲ್ಲಿ ಕಡಲು ನುಂಗಿ ಉಳಿಸಿದ್ದ ಭಾಗದ ಐನೂರಕ್ಕೂ ಹೆಚ್ಚು ಕುಟುಂಬಗಳನ್ನು ಕೆಲವು ಕಿಲೋಮೀಟರ್ ಒಳಗಿನ ಬಗಪಾಟಿಯಾ ಬಡಾವಣೆಗೆ ಕರೆತಂದಿತ್ತು. 2018ರಲ್ಲಿ ಅವರ ಗ್ರಾಮದೇವತೆ ಪಂಚುಬರಾಹಿಯ ಮೂರ್ತಿಗಳೂ ಹೊಸ ಗುಡಿಗೆ ಬಂದವು. ಕುಟುಂಬಕ್ಕೆ ಹತ್ತು ಡೆಸಿಮಲ್, ಅಂದರೆ ಕರ್ನಾಟಕದ ಲೆಕ್ಕದಲ್ಲಿ ನಾಲ್ಕು ಗುಂಟೆ ನಿವೇಶನವೂ ಮನೆ ಕಟ್ಟಲು ಹಣವೂ ಸಿಕ್ಕವು. ಕಡಲು ಸೇರಿದ ಗದ್ದೆಗಳಿಗೆ ಬದಲಿ ಗದ್ದೆ ಸಿಗಲಿಲ್ಲ. ಭತ್ತ ಬೆಳೆದು ಮೀನು ಹಿಡಿದು ಬದುಕುತ್ತಿದ್ದ ಆ ಮನೆಗಳ ಯುವಕರಲ್ಲಿ ಅನೇಕರು ಈಗ ಕೇರಳದ ಪ್ಲೈವುಡ್ ಕಾರ್ಖಾನೆಗಳಲ್ಲಿ ಕೂಲಿಗಿದ್ದಾರೆ.